ಅಕ್ಷಯವಸ್ತ್ರವೂ ಊಹೆಯ ಧರ್ಮವೂ

ಕಥೆಯನ್ನು ಕೇಳಿದವನು ಕಥೆ ಮುಗಿದ ಮೇಲೆಯೂ ಸುಮ್ಮನಿರಲಾರನು. ಕವಿಯು ಹೇಳದೆ ಬಿಟ್ಟುದನ್ನು ತಾನೇ ತುಂಬಿಕೊಳ್ಳಲು ತೊಡಗುವನು. ಗಮಕಿಯು ಗ್ರಂಥವನ್ನು ಮುಚ್ಚಿದೊಡನೆ ಜಗಲಿಯ ಮೇಲೆ ಎರಡನೆಯ ಭಾರತವೊಂದು ಆರಂಭವಾಗುವುದು ಕನ್ನಡನಾಡಿನ ಹಳೆಯ ವಾಡಿಕೆ. ತಾಳಮದ್ದಳೆಯ ಅರ್ಥಧಾರಿಗಳಂತೂ ಇದನ್ನೇ ಒಂದು ಕಲೆಯನ್ನಾಗಿ ಬೆಳೆಸಿದ್ದಾರೆ. ಪೀಣ್ಯದ ಯಂತ್ರಶಾಲೆಗಳ ನೆರೆಯಲ್ಲಿರುವ ಹೆಗ್ಗನಹಳ್ಳಿಯಂಥ ಎಡೆಯಲ್ಲಿ, ಕಾರಣವಿಲ್ಲದೆ ಚಕ್ರವು ತಿರುಗದೆಂಬುದನ್ನು ದಿನವೂ ಕಾಣುವ ಮನೆಗಳಲ್ಲಿಯೂ, ಸಭಾಪರ್ವದ ಪ್ರಸಂಗ ಬಂದಾಗ ಏಳುವ ಪ್ರಶ್ನೆ ಅದೇ ಹಳೆಯದು: ದ್ರೌಪದಿಗೆ ಅಷ್ಟು ಸೀರೆಗಳು ಬಂದುದು ಎಲ್ಲಿಂದ?

ಇದಕ್ಕೆ ಜನರು ಕೊಟ್ಟಿರುವ ಉತ್ತರಗಳು ಹಲವು. ಒಮ್ಮೆ ಕೃಷ್ಣನ ಬೆರಳಿಗೆ ಗಾಯವಾಗಲು ದ್ರೌಪದಿಯು ತನ್ನ ಸೆರಗನ್ನು ಹರಿದು ಕಟ್ಟಿದಳು. ಆ ಒಂದೊಂದು ನೂಲೆಳೆಯೂ ಒಂದೊಂದು ಸೀರೆಯಾಗಿ ಹಿಂದಿರುಗಿತು ಎಂಬುದು ಒಂದು. ಮೀಯುತ್ತಿದ್ದ ಮುನಿಯ ಕೌಪೀನವು ಹೊಳೆಯ ಪಾಲಾದಾಗ ಆಕೆಯು ಅರಿವೆಯ ತುಂಡೊಂದನ್ನು ಕೊಟ್ಟ ಪುಣ್ಯವೆಂಬುದು ಇನ್ನೊಂದು. ಆಕೆಯ ಪಾತಿವ್ರತ್ಯದ ಬಲವೇ ಸಾಕೆಂಬುದು ಮತ್ತೊಂದು. ಕುಮಾರವ್ಯಾಸನಾದರೋ ಎಲ್ಲವನ್ನೂ ಕೃಷ್ಣನ ಕರುಣೆಯಲ್ಲಿ ಸೇರಿಸಿಬಿಟ್ಟನು.

ವ್ಯಾಸಭಾರತದಲ್ಲಿರುವುದೇನು? ಪುಣೆಯ ಭಂಡಾರಕರ ಪ್ರಾಚ್ಯವಿದ್ಯಾ ಸಂಶೋಧನ ಮಂದಿರದವರು ನಾಡಿನ ನಾನಾ ಮೂಲೆಗಳ ಹಸ್ತಪ್ರತಿಗಳನ್ನು ತಾಳೆನೋಡಿ, 1919ರಲ್ಲಿ ತೊಡಗಿ 1966ರಲ್ಲಿ ಮುಗಿಸಿದ ಪರಿಷ್ಕರಣದಲ್ಲಿ, ದ್ರೌಪದಿಯು ಸಭೆಯಲ್ಲಿ ಕೃಷ್ಣನನ್ನು ಪ್ರಾರ್ಥಿಸುವ ಭಾಗವು ಮೂಲಪಾಠದಲ್ಲಿ ಉಳಿದಿಲ್ಲ. ಅಲ್ಲಿ ಒಂದು ವಸ್ತ್ರವನ್ನು ಸೆಳೆದಂತೆ ಅಂಥದೇ ಇನ್ನೊಂದು ತೋರುವುದಷ್ಟೆ. ಕೊಟ್ಟವರಾರೆಂದು ಕವಿಯು ಹೇಳನು. ವನಪರ್ವದಲ್ಲಿ ಕೃಷ್ಣನು, ಆ ಹೊತ್ತಿನಲ್ಲಿ ತಾನು ಸಾಲ್ವನೊಡನೆ ಹೋರುತ್ತಿದ್ದು ದೂರದಲ್ಲಿದ್ದೆನೆಂದು ಹೇಳಿಕೊಳ್ಳುವನು. ಉದ್ಯೋಗಪರ್ವದಲ್ಲಿ ಮಾತ್ರ ಅವನ ಬಾಯಿಂದ ಒಂದು ಮಾತು ಹೊರಡುವುದು: ದೂರದಲ್ಲಿದ್ದ ತನ್ನನ್ನು ಆಕೆ ಗೋವಿಂದನೆಂದು ಕೂಗಿದಳು, ಆ ಋಣವು ಬೆಳೆದು ತನ್ನ ಎದೆಯನ್ನು ಬಿಟ್ಟು ಹೋಗಲೊಲ್ಲದು, ಎಂದು.

ಮೀಮಾಂಸಕರು ಇಂಥ ಎಡೆಗಳಿಗಾಗಿ ಎರಡು ಕಟ್ಟಳೆಗಳನ್ನು ಇಟ್ಟಿದ್ದಾರೆ. ಹಗಲು ಉಣ್ಣದ ದೇವದತ್ತನು ದಪ್ಪವಾಗಿದ್ದರೆ ಇರುಳು ಉಣ್ಣುವನೆಂದು ಕಲ್ಪಿಸಲೇಬೇಕು, ಇದು ಅರ್ಥಾಪತ್ತಿ. ಕೇಳಿದುದನ್ನು ಕೈಬಿಟ್ಟು ಕೇಳದುದನ್ನು ಕಲ್ಪಿಸುವುದು ಶ್ರುತಹಾನಿ, ಅಶ್ರುತಕಲ್ಪನೆ, ಇದು ದೋಷ. ಕೃಷ್ಣನ ಮಾತಿನಿಂದ, ಆಕೆಯ ಕೂಗು ಅವನಿಗೆ ಮುಟ್ಟಿತೆಂದು ಊಹಿಸುವುದು ಮೊದಲನೆಯ ವರ್ಗಕ್ಕೆ ಸೇರುವುದು. ಬೆರಳಿನ ಗಾಯದ ಕಥೆಯು ಎರಡನೆಯದು. ಏಕೆಂದರೆ ಕೃಷ್ಣನು ಹೇಳಿದ ಋಣವು ಕೂಗಿನಿಂದ ಹುಟ್ಟಿದುದು. ಅದು ಇನ್ನೂ ತೀರಿಲ್ಲವೆಂದೇ ಅವನ ಅಳಲು. ಗಾಯದ ಕಥೆಯಲ್ಲಿ ಋಣವು ಮೊದಲೇ ಹುಟ್ಟಿ, ಸಭೆಯಲ್ಲಿಯೇ ತೀರಿಹೋಗುವುದು.

ಇಷ್ಟೇ ಆಗಿದ್ದರೆ ಇದು ಪಂಡಿತರ ವಾದವಾಗಿ ಮುಗಿಯುತ್ತಿತ್ತು. ಆದರೆ ಇಲ್ಲಿ ನೀತಿಯ ಮಾತೂ ಇದೆ. ನೂಲೆಳೆಗೆ ಸೀರೆಯೆಂಬ ಲೆಕ್ಕವು ಕಿವಿಗೆ ಇನಿದು. ಉಪಕಾರವು ವ್ಯರ್ಥವಾಗದೆಂದು ಮಕ್ಕಳಿಗೆ ಕಲಿಸುವುದೂ ನಿಜ. ಹಾಗಾದರೆ ಯಾರ ಬೆರಳಿಗೂ ಸೆರಗು ಕಟ್ಟದಿದ್ದ ಹೆಂಗಸನ್ನು ಸಭೆಗೆ ಎಳೆದು ತಂದಿದ್ದರೆ ಆಕೆಯ ಗತಿಯೇನು? ಮಾನವನ್ನು ಕಾಯುವುದು ಸಾಲವನ್ನು ತೀರಿಸುವ ವ್ಯವಹಾರವೇ? ರಕ್ಷಣೆಯು ಅದನ್ನು ಮುಂಚಿತವಾಗಿ ಗಳಿಸಿದವರಿಗೆ ಮಾತ್ರವೆಂದು ಈ ಸವಿಯಾದ ಕಥೆಯು ಅರಿಯದೆಯೇ ಹೇಳಿಕೊಡುವುದು. ಪಾತಿವ್ರತ್ಯದ ಊಹೆಯೂ ಇದೇ ದಾರಿಯದು. ಸೀರೆ ಬಾರದಿದ್ದರೆ ತಪ್ಪು ಆಕೆಯದೆಂದು ಅದು ಹೇಳಬೇಕಾಗುವುದು.

ಕವಿಗಳೂ ಕಥೆಯನ್ನು ಮಾರ್ಪಡಿಸಲಿಲ್ಲವೇ ಎಂದು ಕೇಳಬಹುದು. ಪಂಪನು ದ್ರೌಪದಿಯನ್ನು ಅರ್ಜುನನೊಬ್ಬನ ಪತ್ನಿಯನ್ನಾಗಿ ಮಾಡಿದನು. ಭೈರಪ್ಪನವರು 1979ರ ‘ಪರ್ವ’ದಲ್ಲಿ ಪವಾಡಗಳನ್ನೇ ತೊರೆದು ಕಥೆಯನ್ನು ಮನುಷ್ಯರ ನೆಲಕ್ಕೆ ಇಳಿಸಿದರು. ಆದರೆ ಅವರು ತಮ್ಮ ಹೆಸರಿನಿಂದ ಬೇರೆ ಕಾವ್ಯವನ್ನು ಕಟ್ಟಿ, ಅದರ ಹೊಣೆಯನ್ನು ಹೊತ್ತರು. ಜಗಲಿಯ ಊಹೆಯು ಹೊಣೆಯನ್ನು ವ್ಯಾಸನ ಮೇಲೆ ಹೊರಿಸಿ ತಾನು ಮರೆಯಾಗುವುದು. ಬೆಂಗಳೂರಿನ ತಿಗಳರ ಪೇಟೆಯ ಕರಗದ ಐತಿಹ್ಯವನ್ನೂ ನೋಡಬಹುದು. ಪಾಂಡವರು ಸ್ವರ್ಗಾರೋಹಣಕ್ಕೆ ಹೊರಟಾಗ ಹಿಂದುಳಿದ ದ್ರೌಪದಿಯು ಶಕ್ತಿರೂಪವನ್ನು ತಾಳಿ, ವೀರಕುಮಾರರನ್ನು ಸೃಷ್ಟಿಸಿ ತಿಮಿರಾಸುರನನ್ನು ಗೆದ್ದಳೆಂದೂ, ವರ್ಷಕ್ಕೊಮ್ಮೆ ಬರುವೆನೆಂದು ಅವರಿಗೆ ಮಾತು ಕೊಟ್ಟಳೆಂದೂ ಅವರ ನಂಬಿಕೆ. ಇದೂ ವ್ಯಾಸನು ಹೇಳದುದೇ. ಆದರೂ ಚೈತ್ರದ ಹುಣ್ಣಿಮೆಯ ಇರುಳು ಕತ್ತಿ ಹಿಡಿದು ಕರಗದ ಸುತ್ತ ನಡೆಯುವ ವೀರಕುಮಾರರು, ಸಭೆಯಲ್ಲಿ ಯಾರೂ ನಿಲ್ಲದ ಎಡೆಯಲ್ಲಿ ತಾವು ನಿಂತಿದ್ದಾರೆ. ಅವರು ಆ ನಂಬಿಕೆಯ ಹೊಣೆಯನ್ನೂ ಹೊತ್ತಿದ್ದಾರೆ.

ಎಲ್ಲಕ್ಕಿಂತ ಮಿಗಿಲಾದ ಮಾತೊಂದುಂಟು. ಸೀರೆ ಎಲ್ಲಿಂದ ಬಂದಿತೆಂಬುದು ಕೇಳುಗರ ಪ್ರಶ್ನೆ. ದ್ರೌಪದಿಯ ಪ್ರಶ್ನೆ ಅದಲ್ಲ. ತನ್ನನ್ನೇ ಸೋತವನಿಗೆ ನನ್ನನ್ನು ಒಡ್ಡುವ ಅಧಿಕಾರವುಂಟೇ ಎಂದು ಆಕೆ ಕೇಳಿದಳು. ಧರ್ಮವು ಸೂಕ್ಷ್ಮವೆಂದು ಭೀಷ್ಮನು ಜಾರಿಕೊಂಡನು. ಚಿಕ್ಕವನಾದ ವಿಕರ್ಣನು ಎದ್ದು ಆಕೆಯು ಗೆಲ್ಲಲ್ಪಟ್ಟವಳಲ್ಲವೆಂದನು. ವಿದುರನು ಉತ್ತರ ಕೊಡಿರೆಂದು ಸಭೆಯನ್ನು ಬೇಡಿದನು. ಉಳಿದವರು ತಲೆತಗ್ಗಿಸಿದರು. ಕಡೆಗೆ ಧೃತರಾಷ್ಟ್ರನು ವರಗಳನ್ನು ಕೊಟ್ಟನು, ಉತ್ತರವನ್ನು ಕೊಡಲಿಲ್ಲ.

ಪವಾಡದ ಮೂಲವನ್ನು ಹುಡುಕುವುದರಲ್ಲಿ ಹೊತ್ತು ಕಳೆಯುವ ಕೇಳುಗನು ಆ ಸಭೆಯ ಸಾಲಿನಲ್ಲಿಯೇ ಕುಳಿತವನಾಗುವನು. ಊಹೆಯು ಕೇಳಿದ ಮಾತಿಗೆ ಕಿವಿಯನ್ನು ಇನ್ನಷ್ಟು ತೆರೆದರೆ ಅದು ಧರ್ಮ, ಮುಚ್ಚಿದರೆ ಅಧರ್ಮ. ಮಕ್ಕಳು ಸೀರೆಯ ವಿಷಯವನ್ನು ಕೇಳಿದಾಗ ಹಿರಿಯರು ಕಥೆ ಹೇಳಲಿ, ಬೇಡವೆನ್ನುವವರಾರು? ಹೇಳಿದ ಮೇಲೆ, ನೀನು ಆ ಸಭೆಯಲ್ಲಿದ್ದರೆ ಏನು ಹೇಳುತ್ತಿದ್ದೆ ಎಂದು ಒಮ್ಮೆ ಕೇಳಲಿ.