ಪಟಗಳು ಯಾರವು?

ಪುಣೆಯಲ್ಲಿ ಸಂಸಾರ ಹೂಡಿದ ನಮ್ಮ ಜನಕ್ಕೆ ಮನೆ ಬದಲಿಸುವುದು ಹೊಸದೇನಲ್ಲ. ಹನ್ನೊಂದು ತಿಂಗಳ ಕರಾರು ಮುಗಿಯಿತೆಂದರೆ ಟೆಂಪೋ ಗೊತ್ತುಮಾಡಬೇಕು, ರೊಟ್ಟಿಯ ಹಂಚಿನಿಂದ ಹಿಡಿದು ದೇವರ ಮಂಟಪದವರೆಗೆ ಎಲ್ಲವನ್ನೂ ಕಟ್ಟಬೇಕು. ಸದಾಶಿವ ಪೇಠೆಯಿಂದ ಕೋಥರೂಡಿಗೆ, ಅಲ್ಲಿಂದ ಸಿಂಹಗಡ ರಸ್ತೆಗೆ ಹೀಗೆ ನಾನೇ ಐದು ಸಲ ಗಂಟು ಕಟ್ಟಿ ಬಿಚ್ಚಿದವನು. ಇಂಥ ಅನುಭವಸ್ಥನಿಗೆ ಮನೆಯ ಫೋಟೋಗಳನ್ನು ಒಂದು ಕಂಪನಿಯ ಕ್ಲೌಡಿನಿಂದ ಇನ್ನೊಂದು ಕಂಪನಿಯ ಕ್ಲೌಡಿಗೆ ಸಾಗಿಸುವುದು ಎಷ್ಟರ ಕೆಲಸ ಎಂದುಕೊಂಡಿದ್ದೆ. ಹಮಾಲರ ಕೂಡ ವಾದವಿಲ್ಲ, ಗಾಜು ಒಡೆಯುವ ಭಯವಿಲ್ಲ. ಮೂರು ತಿಂಗಳಾದರೂ ಕೆಲಸ ಮುಗಿದಿಲ್ಲ. ಮುಗಿಯದಿರುವುದಕ್ಕೆ ಯಂತ್ರವನ್ನು ದೂರುವಂತೆಯೂ ಇಲ್ಲ.

ಕ್ಲೌಡು ಎಂದರೆ ಮೋಡ. ಹೆಸರು ಕೇಳಿ ಮೋಸಹೋಗಬಾರದು. ನಮ್ಮ ಪಟಗಳು ಇರುವುದು ಆಕಾಶದಲ್ಲಲ್ಲ. ಎಲ್ಲಿಯೋ ಒಂದು ದೊಡ್ಡ ಕಟ್ಟಡದಲ್ಲಿ, ಹಗಲೂ ರಾತ್ರಿ ಉರಿಯುವ ಕಂಪ್ಯೂಟರುಗಳಲ್ಲಿ. ಅದಕ್ಕೆ ಬಾಡಿಗೆ ಉಂಟು. ಗೂಗಲ್ ಫೋಟೋಸ್ 2015ರಲ್ಲಿ ಆರಂಭವಾದಾಗ ತುಸು ಕುಗ್ಗಿಸಿದ ಚಿತ್ರಗಳನ್ನು ಎಷ್ಟು ಬೇಕಾದರೂ ಪುಕ್ಕಟೆ ಇಡಬಹುದಾಗಿತ್ತು. 2021ರ ಜೂನ್ 1ರಿಂದ ಆ ಔದಾರ್ಯ ನಿಂತಿತು. ಹೊಸ ಚಿತ್ರಗಳೆಲ್ಲ 15 ಜಿಬಿಯ ಲೆಕ್ಕಕ್ಕೆ ಬಂದವು. ಆಪಲ್ ಕಂಪನಿ ಪುಕ್ಕಟೆ ಕೊಡುವುದು 5 ಜಿಬಿ ಮಾತ್ರ. ಬಾಡಿಗೆಯಿಲ್ಲದ ಮನೆಯಲ್ಲಿ ಯಾರು ಎಷ್ಟು ದಿನ ಇದ್ದಾರು! ಆದರೂ ಈ ಬಾಡಿಗೆ ದಂಡವೆಂದು ನಾನು ಹೇಳಲಾರೆ. 1961ರ ಜುಲೈ 12ರಂದು ಪಾನಶೇತ್ ಅಣೆಕಟ್ಟು ಒಡೆದು ಮುಠಾ ನದಿ ಪೇಠೆಗಳಿಗೆ ನುಗ್ಗಿದ ಕತೆಯನ್ನು ಕೇಳಿದವರಿಗೆ, ಪಟಗಳ ಒಂದು ಪ್ರತಿ ಮನೆಯ ಹೊರಗೂ ಇರುವುದು ಒಳ್ಳೆಯದೆಂದು ಬೇರೆ ಹೇಳಬೇಕಾಗಿಲ್ಲ.

ಒಂದು ಕಡೆಯಿಂದ ಇನ್ನೊಂದು ಕಡೆಗೆ ಹೋಗುವ ದಾರಿಯೂ ಈಗ ಸುಗಮವಾಗಿದೆ. ಆಪಲ್‌ನಿಂದ ಗೂಗಲ್‌ಗೆ ನೇರ ದಾರಿ 2021ರಲ್ಲಿ ತೆರೆಯಿತು, ಗೂಗಲ್‌ನಿಂದ ಆಪಲ್‌ಗೆ 2024ರಲ್ಲಿ. ನಾನು ಬಿಟ್ಟ ಕಂಪನಿ ಯಾವುದು, ಸೇರಿದ್ದು ಯಾವುದು ಎಂಬುದು ಇಲ್ಲಿ ಮುಖ್ಯವಲ್ಲ. ಓದುಗರು ಊಹಿಸುವ ಶ್ರಮ ತೆಗೆದುಕೊಳ್ಳದಿದ್ದರೂ ನಡೆದೀತು.

ಮೊದಲು ಎಡವಿದ್ದು ನಮ್ಮ ಅವ್ವನ ಮದುವೆಯ ಪಟದಲ್ಲಿ. ಧಾರವಾಡದಲ್ಲಿ 1958ರಲ್ಲಿ ತೆಗೆಸಿದ ಪಟ. ಬೆನ್ನಮೇಲೆ ಅಜ್ಜ ತಿಥಿ ಸಹಿತ ಶಾಯಿಯಲ್ಲಿ ಬರೆದಿದ್ದಾರೆ. ಅದನ್ನು ಸ್ಕ್ಯಾನ್ ಮಾಡಿ ಏರಿಸಿದಾಗ ಇಸವಿಯನ್ನು ನಾನೇ ಟೈಪು ಮಾಡಿದ್ದೆ. ಹೊಸ ಮನೆಗೆ ಬಂದ ಮೇಲೆ ನೋಡಿದರೆ ಅವ್ವ ಈ ವರ್ಷದ ಆಗಸ್ಟಿನಲ್ಲಿ ಹಸೆಮಣೆ ಏರಿದ್ದಾಳೆ! ಕ್ಯಾಮರಾ ತೆಗೆದ ಚಿತ್ರದಲ್ಲಿ ದಿನಾಂಕ ಚಿತ್ರದ ಹೊಟ್ಟೆಯೊಳಗೇ ಇರುತ್ತದೆ. ನಾವು ಕೈಯಿಂದ ಬರೆದದ್ದು ಪಕ್ಕದ ಒಂದು ಚಿಕ್ಕ ಕಡತದಲ್ಲಿ ಬೇರೆಯಾಗಿ ಬರುತ್ತದೆ. ನಾನು ಪಟವನ್ನು ಒಯ್ದು ಚೀಟಿಯನ್ನು ಬಿಟ್ಟಿದ್ದೆ. ತಪ್ಪು ನನ್ನದು, ತಿದ್ದಿದೆ. ಅಜ್ಜನ ಶಾಯಿ ಪಟವನ್ನು ಬಿಟ್ಟು ಒಂದು ದಿನವೂ ಇರಲಿಲ್ಲವಲ್ಲ ಎಂದು ಮಾತ್ರ ಅನ್ನಿಸಿತು.

ತಿದ್ದಲಾಗದ ಮಾತು ಬೇರೆ. ಟೆಂಪೋದಲ್ಲಿ ಹೋದ ಸಾಮಾನು ಹಳೆಯ ಮನೆಯಲ್ಲಿ ಉಳಿಯುವುದಿಲ್ಲ. ಇಲ್ಲಿ ಹಾಗಲ್ಲ, ಹೋಗುವುದು ಪ್ರತಿ. ಮೂಲ ಅಲ್ಲಿಯೇ ಇರುತ್ತದೆ. ಬಿಟ್ಟುಬರುವುದು ತಾನಾಗಿ ಆಗುವುದಿಲ್ಲ, ಕೈಯಾರೆ ಅಳಿಸಬೇಕು. ಹೀಗೆ ಅಳಿಸಲು ಕೂತಾಗ ವೈನಿಯ ಫೋನು ಬಂತು.

ನಮ್ಮ ಅಣ್ಣ ಹೋಗಿ ನಾಲ್ಕು ವರ್ಷ. ಕೊನೆಯ ಹದಿನೈದು ದಿನ ದವಾಖಾನೆಯಲ್ಲಿದ್ದಾಗ ನಾನು ತೆಗೆದ 37 ಪಟಗಳು ಮನೆಯವರೆಲ್ಲ ನೋಡುವ ಆಲ್ಬಮ್ಮಿನಲ್ಲಿದ್ದವು. ಕಳೆದ ದೀಪಾವಳಿಯ ಪಾಡ್ಯದ ಬೆಳಗ್ಗೆ ಅವುಗಳಲ್ಲೊಂದನ್ನು ಯಂತ್ರ ತಾನಾಗಿ ಆರಿಸಿ, ಹಿಂದೆ ಸಂಗೀತ ಹಚ್ಚಿ, ಸವಿನೆನಪೆಂದು ವೈನಿಯ ಮುಂದೆ ಹಿಡಿಯಿತು. "ಆ ದವಾಖಾನಿ ಫೋಟೋ ಹೊಸ ಕಡೆ ಒಯ್ಯಬ್ಯಾಡ್ರಿ. ಅಂಗಿ ಗುಂಡಿ ಹಾಕದ ಅವರು ಅಂಗಳಕ್ಕ ಸೈತ ಬರತಿರಲಿಲ್ಲ" ಎಂದರು ವೈನಿ. ಅದೇ ಸಂಜೆ ಅವರ ಮಗಳ ಮಾತು: "ಕಾಕಾ, ಅಳಸಬ್ಯಾಡ್ರಿ. ಅಪ್ಪ ನನ್ನ ಕೈ ಹಿಡಕೊಂಡಿದ್ದು ಅದರಾಗಷ್ಟ ಅದ."

ಕಂಪನಿಯ ಲೆಕ್ಕದಲ್ಲಿ ಪ್ರಶ್ನೆಯೇ ಇಲ್ಲ. ಖಾತೆ ನನ್ನದು, ಅಳಿಸುವ ಹಕ್ಕೂ ನನ್ನದು. ಕಾನೂನಿನ ಲೆಕ್ಕವೂ ಹೆಚ್ಚು ಬೇರೆಯಲ್ಲ. ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಾಧೀಶರು 2017ರ ಆಗಸ್ಟ್ 24ರಂದು ಒಮ್ಮತದಿಂದ ಹೇಳಿದರು. ಆ ಮೊಕದ್ದಮೆ ಹೂಡಿದವರು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು ಎಂಬುದು ನಾವು ಅಭಿಮಾನಪಡುವ ಸಂಗತಿ. ಆದರೆ 2023ರ ವೈಯಕ್ತಿಕ ದತ್ತಾಂಶ ಸಂರಕ್ಷಣೆಯ ಕಾಯ್ದೆ ಮನೆಯೊಳಗಿನ ಬಳಕೆಗೆ ಅನ್ವಯಿಸುವುದಿಲ್ಲ. ತೀರಿಕೊಂಡವನ ಖಾಸಗಿತನದ ಹಕ್ಕು ಅವನೊಂದಿಗೇ ಮುಗಿಯುತ್ತದೆಂದು ದೆಹಲಿ ಹೈಕೋರ್ಟು ಅದೇ ವರ್ಷ ಒಬ್ಬ ನಟನ ಪ್ರಕರಣದಲ್ಲಿ ಹೇಳಿತು. ಅಂತೂ ಅಣ್ಣನ ಪರವಾಗಿ ನನ್ನನ್ನು ತಡೆಯುವವರು ಯಾರೂ ಇಲ್ಲ. ಯಾರೂ ಇಲ್ಲವೆಂದಾಗಲೇ ಹೊಣೆ ಭಾರವಾಗುವುದು.

ಉಳಿಸುವುದೇ ಧರ್ಮ ಎಂದು ಮೊದಲು ನನ್ನ ಮನಸ್ಸು ವಾಲಿತು. ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನಾ’ 1934ರಲ್ಲಿ ತೆರೆಗೆ ಬಂತು. ಚಿತ್ರೀಕರಣವಾದದ್ದು ಇಲ್ಲಿಗೆ ಹತ್ತಿರದ ಕೊಲ್ಲಾಪುರದಲ್ಲಿ. ಇಂದು ಅದರ ಒಂದು ಪ್ರತಿಯೂ ಉಳಿದಿಲ್ಲ. ನಮ್ಮ ಪುಣೆಯಲ್ಲಿಯೇ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯದ ಹಳೆಯ ನೈಟ್ರೇಟ್ ಫಿಲ್ಮುಗಳು 2003ರ ಜನವರಿಯಲ್ಲಿ ಬೆಂಕಿಗೆ ಆಹುತಿಯಾದವು. ಹೋದದ್ದು ಹೋಯಿತು, ಹಳಹಳಿಸುವುದಷ್ಟೇ ನಮ್ಮ ಪಾಲು. ಆದರೆ ಈ ಹೋಲಿಕೆ ಸರಿಯೆ? ಆ ನಟರು ಜನ ನೋಡಲೆಂದೇ ಕ್ಯಾಮರಾದ ಮುಂದೆ ನಿಂತವರು. ಅಣ್ಣ ಹಾಗೆ ನಿಂತವನಲ್ಲ, ಜ್ವರದಲ್ಲಿ ಮಲಗಿದ್ದವನು. ಕೇಳದೆ ತೆಗೆದವನು ನಾನು. ಏಕೆ ತೆಗೆದೆನೆಂದರೆ ಇಂದಿಗೂ ನೇರ ಉತ್ತರವಿಲ್ಲ. ಕೈಯಲ್ಲಿ ಫೋನಿತ್ತು, ಮಾಡಲು ಬೇರೇನೂ ಇರಲಿಲ್ಲ.

ಇಡುವುದು ಬೇರೆ, ತೋರಿಸುವುದು ಬೇರೆ ಎಂದು ವೈನಿಗೆ ಹೇಳಿ ನೋಡಿದೆ. ಅವ್ವನ ಟ್ರಂಕಿನಲ್ಲಿ ಎಷ್ಟೋ ಪಟಗಳಿದ್ದವು; ನಾವಾಗಿ ಕೀಲಿ ತೆಗೆಯುವ ತನಕ ಅವು ಸುಮ್ಮನಿರುತ್ತಿದ್ದವು. ಈ ಹೊಸ ಪೆಟ್ಟಿಗೆ ಹಾಗಲ್ಲ, ಮುಖ ಗುರುತು ಹಿಡಿಯುತ್ತದೆ, ಮದುವೆಯ ಮುಖದ ಪಕ್ಕಕ್ಕೆ ಹಾಸಿಗೆಯ ಮುಖವನ್ನು ತಂದಿಡುತ್ತದೆ. ನಿಮಗೆ ನೋವಾದದ್ದು ಅದರಿಂದ. ಪೆನ್‌ಡ್ರೈವಿಗೆ ಹಾಕಿ ಮಗಳ ಕೈಗೆ ಕೊಟ್ಟರೆ ಯಾರ ಮುಂದೂ ತಾನಾಗಿ ಬರಲಾರದು ಎಂದೆ. ವೈನಿ ಸ್ವಲ್ಪ ಹೊತ್ತು ಸುಮ್ಮನಿದ್ದು, "ಇಟ್ಟದ್ದು ಒಂದಿನ ಕಾಣತದರಿ" ಎಂದರು. ಅದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ.

ನನ್ನ ಮನಸ್ಸು ಈಗ ವೈನಿಯ ಕಡೆಗೇ ಹೆಚ್ಚು. ಅಣ್ಣನನ್ನು ಕೇಳುವಂತಿಲ್ಲ, ಅವನ ಸಂಕೋಚವನ್ನು ನಲವತ್ತು ವರ್ಷ ಬಲ್ಲವರು ಅವರೇ. ಮಗಳ ಆಸೆ ಅವಳದು, ವೈನಿಯ ಮಾತು ಅಣ್ಣನದು. ಆದರೆ ಅಳಿಸಿದ್ದು ಕಸದ ಬುಟ್ಟಿಯಲ್ಲಿ ಹೆಚ್ಚೆಂದರೆ ತಿಂಗಳೊಪ್ಪತ್ತು, ಎರಡು ತಿಂಗಳು ಉಳಿದೀತು. ಆಮೇಲೆ ಕೈ ಹಿಡಿದ ಆ ಒಂದು ಗಳಿಗೆಯೂ ಇಲ್ಲ. ಹೀಗಾಗಿ ಮಿಕ್ಕದ್ದೆಲ್ಲ ಹೊಸ ಮನೆಗೆ ಹೋಗಿದೆ. 37 ಪಟಗಳನ್ನು ಹಂಚಿದ ಆಲ್ಬಮ್ಮಿನಿಂದ ತೆಗೆದು ಹಳೆಯ ಮನೆಯಲ್ಲಿಯೇ ಬಿಟ್ಟಿದ್ದೇನೆ. ಈ ದೀಪಾವಳಿಗೆ ತಾಯಿ ಮಗಳು ಇಬ್ಬರೂ ಪುಣೆಗೆ ಬರುವವರಿದ್ದಾರೆ. ಎದುರಿಗೆ ಕೂಡಿಸಿಕೊಂಡು ಒಂದೊಂದಾಗಿ ನೋಡಬೇಕೆಂದಿದ್ದೇನೆ. ಅಲ್ಲಿಯವರೆಗೆ ಎರಡೂ ಮನೆಗಳ ಬಾಡಿಗೆ ಕಟ್ಟುತ್ತಿದ್ದೇನೆ.