ಆಟದಾಗ ಮಾಡಿದ ಮೋಸ ಮೋಸ ಹೌದೋ ಅಲ್ಲೋ?

ಆಟದಾಗ ಮಾಡಿದ ಮೋಸಕ್ಕೆ ಪಾಪ ಹತ್ತತೈತೇನು? ಈ ಪ್ರಶ್ನೆ ನನಗೆ ಹುಟ್ಟಿದ್ದು ಹೋದ ದೀಪಾವಳಿ ರಜೆಯಲ್ಲಿ. ಸಾಂಗಲಿಯಲ್ಲಿ ಕಂಪ್ಯೂಟರ್ ಕಲಿಯುವ ಮೊಮ್ಮಗ ಊರಿಗೆ ಬಂದಿದ್ದ. ರಾತ್ರಿ ಊಟ ಆದ ಮೇಲೆ ಲ್ಯಾಪ್‌ಟಾಪ್ ತೆಗೆದು, "ಮುತ್ಯಾ, ನೀ ನಿಂತಲ್ಲೇ ಪದಾ ಕಟ್ಟಾಂವ. ನಿನಗ ಇದು ಸೇರತೈತಿ ನೋಡು" ಅಂತ ಒಂದು ಆಟ ತೋರಿಸಿದ. 1985ರ ಆಟ. ಚಿತ್ರ ಅಂದರೆ ಬರೀ ಚೌಕ ಚೌಕ, ಕೌದಿಗೆ ತ್ಯಾಪಿ ಹಚ್ಚಿದ ಹಾಗೆ. ಮಾತೆಲ್ಲ ಇಂಗ್ಲಿಷಿನಲ್ಲಿ. ಅವನು ಓದಿ ಕನ್ನಡದಾಗ ಹೇಳಬೇಕು, ಏನು ಮಾಡಬೇಕು ಅಂತ ನಾನು ಹೇಳಬೇಕು, ಅವನು ಒತ್ತಬೇಕು. ಹೀಗೆ ನಮ್ಮ ಆಟ ನಡೆಯಿತು.

ಆ ಆಟದ ಒಂದು ಊರಿನಲ್ಲಿ ಮಂತ್ರಕ್ಕೆ ಬೇಕಾದ ಬೇರು, ಬೂದಿ, ಬೆಳ್ಳುಳ್ಳಿ ಮಾರುವ ಅಂಗಡಿ ಇದೆ. ಅಂಗಡಿಯಾಕೆಗೆ ಕಣ್ಣು ಕಾಣುವುದಿಲ್ಲ. ಬೇಕಾದ್ದು ಕೇಳಿದೆವು. ಇಷ್ಟು ನಾಣ್ಯ ಆಯಿತು ಅಂದಳು. ಎಣಿಸಿ ಕೊಡುವವರು ಮಾತ್ರ ನಾವೇ.

"ಎಷ್ಟ ಕೊಡ್ಲಿ ಮುತ್ಯಾ?" ಅಂದ ಹುಡುಗ.

ನಾನು ಒಂದು ಗಳಿಗೆಯೂ ವಿಚಾರ ಮಾಡಲಿಲ್ಲ. "ಒಂದ ಕೊಡು. ಆಕಿಗೆ ಎಲ್ಲಿ ಕಾಣತೈತಿ?" ಅಂದೆ.

ಆಕೆ ಸಿಟ್ಟಾಗಲಿಲ್ಲ, ಸಾಮಾನು ಕೊಟ್ಟಳು. ನಾವಿಬ್ಬರೂ ನಕ್ಕು ಮುಂದೆ ಹೋದೆವು. ಹಿಂಗೇ ಮೂರು ನಾಲ್ಕು ಸಲ ಮಾಡಿದೆವು. ಎರಡು ದಿನ ಬಿಟ್ಟು ಆಟದ ರಾಜನ ಕೋಟೆಯೊಳಗೆ ಹಾಕ್‌ವಿಂಡ್ ಎಂಬ ಜ್ಞಾನಿಯ ಹತ್ತಿರ ಹೋದೆವು. ಯಾವ ಗುಣದಲ್ಲಿ ನಾವು ಎಲ್ಲಿದ್ದೇವೆ ಅಂತ ಅವನು ಹೇಳುತ್ತಾನೆ. ಪ್ರಾಮಾಣಿಕತೆಯ ಬಗ್ಗೆ ಕೇಳಿದಾಗ, ನೀನು ಪ್ರಾಮಾಣಿಕನಲ್ಲ ಅನ್ನುವ ಅರ್ಥದ ಉತ್ತರ ಬಂತು. ಹುಡುಗ ಕನ್ನಡದಾಗ ಹೇಳಲಿಕ್ಕೆ ಸ್ವಲ್ಪ ತಡಮಾಡಿದ. ಆ ಕುರುಡಿಗೆ ಕೊಡದೆ ಉಳಿಸಿಕೊಂಡ ನಾಣ್ಯಗಳನ್ನು ಆಟ ಸುಮ್ಮನೆ ಲೆಕ್ಕ ಇಟ್ಟುಕೊಂಡು ಬಂದಿತ್ತು. ಅಲ್ಲೀತನಕ ಒಂದು ಮಾತು ಆಡಿರಲಿಲ್ಲ.

ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಓದುವವರು ನಗಬಹುದು. ನಲವತ್ತು ವರ್ಷ ಧರ್ಮ, ಸತ್ಯ ಅಂತ ಹಾಡಿದವನು ನಾನು. ಯಾರೂ ನೋಡುವುದಿಲ್ಲ ಅಂತ ಗೊತ್ತಾದ ಕೂಡಲೇ ನನ್ನ ಬಾಯಿಂದ ಬಂದ ಮಾತು "ಒಂದ ಕೊಡು" ಅಂತ.

ಈ ಆಟಗಳು ಎಲ್ಲಿಂದ ಬಂದವು ಅಂತ ಮರುದಿನ ಹುಡುಗನನ್ನು ಕೇಳಿದೆ. ಅವನು ಹೇಳಿದ್ದನ್ನು ನನಗೆ ತಿಳಿದಂತೆ ಬರೆಯುತ್ತೇನೆ.

ಇವುಗಳ ಮೂಲ ಕಂಪ್ಯೂಟರ್ ಅಲ್ಲ, ಮನೆಯ ಮೇಜು. 1974ರಲ್ಲಿ ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಲೇಕ್ ಜಿನೀವಾ ಎಂಬ ಊರಿನಿಂದ 'ಡಂಜನ್ಸ್ ಅಂಡ್ ಡ್ರ್ಯಾಗನ್ಸ್' ಎಂಬ ಆಟ ಹೊರಬಂತು. ಕಟ್ಟಿದವರು ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್. ಮೊದಲು ತಯಾರು ಮಾಡಿದ್ದು ಬರೀ 1,000 ಪೆಟ್ಟಿಗೆ. ನಾಲ್ಕೈದು ಮಂದಿ ಮೇಜಿನ ಸುತ್ತ ಕೂಡುತ್ತಾರೆ. ಒಬ್ಬ ಕಥೆ ನಡೆಸುವವ. "ಗವಿಯ ಬಾಯಿಗೆ ಬಂದಿದ್ದೀರಿ, ಒಳಗೆ ಯಾರೋ ಅಳುವ ಸಪ್ಪಳ, ಏನು ಮಾಡುತ್ತೀರಿ?" ಅಂತ ಅವನು ಕೇಳುತ್ತಾನೆ. ಉಳಿದವರು ತಾವು ವಹಿಸಿದ ಪಾತ್ರವಾಗಿ ಉತ್ತರ ಕೊಡುತ್ತಾರೆ. ಮಾಡಿದ ಕೆಲಸ ಕೈಗೂಡಿತೋ ಇಲ್ಲವೋ ಅಂತ ದಾಳ ಹೇಳುತ್ತದೆ. ಮುಂದಿನ ಮಾತು ಏನು ಅಂತ ಯಾರಿಗೂ ಮೊದಲೇ ಗೊತ್ತಿರುವುದಿಲ್ಲ.

ಇದು ನಮ್ಮ ಕಡೆಯವರಿಗೆ ತಿಳಿಯದ ಸಂಗತಿಯಲ್ಲ. ಹರದೇಶಿ–ನಾಗೇಶಿ ಹಾಡಿಕೆಯಲ್ಲಿ ಒಂದು ಮೇಳ ಗಂಡು ಹೆಚ್ಚು ಅನ್ನುತ್ತದೆ, ಇನ್ನೊಂದು ಹೆಣ್ಣು ಹೆಚ್ಚು ಅನ್ನುತ್ತದೆ. ಒಬ್ಬರು ಸವಾಲು ಒಗೆದರೆ ಇನ್ನೊಬ್ಬರು ಜವಾಬು ಕಟ್ಟಬೇಕು. ಅಮೆರಿಕದವರಿಗೆ ನಮ್ಮ ಹಾಡಿಕೆ ಗೊತ್ತಿಲ್ಲ, ನಮಗೆ ಅವರ ದಾಳ ಗೊತ್ತಿರಲಿಲ್ಲ. ಆದರೆ ಎದುರಿನವನು ಏನು ಅಂತಾನೋ ಅಂತ ಕಾಯುವುದು ಎರಡರಲ್ಲೂ ಒಂದೇ.

ಆ ಮೇಜಿನ ಆಟ ಬಂದು ಒಂದೆರಡು ವರ್ಷದೊಳಗೆ ಅದೇ ಮಾದರಿಯವು ಕಂಪ್ಯೂಟರಿಗೂ ಬಂದವು. ಕಥೆ ನಡೆಸುವವನ ಜಾಗದಲ್ಲಿ ಯಂತ್ರ ಕುಂತಿತು. 1981ರಲ್ಲಿ 'ವಿಝರ್ಡ್ರಿ' ಮತ್ತು 'ಅಲ್ಟಿಮಾ' ಎಂಬ ಎರಡು ಆಟ ಹೆಸರಾದವು. ನಾವು ಆಡಿದ್ದು ಅಲ್ಟಿಮಾದ ನಾಲ್ಕನೆಯ ಭಾಗ. ಮಾಡಿದವರು ರಿಚರ್ಡ್ ಗ್ಯಾರಿಯಟ್. ಅವರ ಮೊದಲಿನ ಆಟಗಳಲ್ಲಿ ಕಳವು ಮಾಡಿದರೂ ಕೊಂದರೂ ಕೊನೆಗೆ ದುಷ್ಟನನ್ನು ಹೊಡೆದರೆ ಸಾಕು, ಗೆದ್ದ ಹಾಗೆ. ಆಡುವವರೂ ಮಕ್ಕಳ ತಂದೆತಾಯಿಗಳೂ ಬರೆದ ಪತ್ರಗಳನ್ನು ಓದಿ ಅವರಿಗೆ ಬೇರೆ ವಿಚಾರ ಬಂತು. ನಾಲ್ಕನೆಯ ಭಾಗದಲ್ಲಿ ಕೊಲ್ಲಬೇಕಾದ ದೊಡ್ಡ ದುಷ್ಟನೇ ಇಲ್ಲ. ಪ್ರಾಮಾಣಿಕತೆ, ಕರುಣೆ, ಶೌರ್ಯ, ನ್ಯಾಯ, ತ್ಯಾಗ, ಮಾನ, ಅಧ್ಯಾತ್ಮ, ವಿನಯ ಎಂಬ ಎಂಟು ಗುಣಗಳನ್ನು ಬಾಳಿ ತೋರಿಸಬೇಕು. ಭಿಕ್ಷುಕನಿಗೆ ಕೊಟ್ಟರೆ ಕರುಣೆ ಏರುತ್ತದೆ, ರೋಗಿಗಳಿಗೆ ರಕ್ತ ಕೊಟ್ಟರೆ ತ್ಯಾಗ ಏರುತ್ತದೆ. ಕೊನೆಗೆ ಆಗಬೇಕಾದ್ದಕ್ಕೆ ಅವರು ಇಟ್ಟ ಹೆಸರು ನಮ್ಮದೇ ಶಬ್ದ, ಅವತಾರ.

ಈಗ ನನ್ನ ಪ್ರಶ್ನೆಗೆ ಬರುತ್ತೇನೆ. ಹುಡುಗನ ವಾದ ಹೀಗಿತ್ತು: "ಮುತ್ಯಾ, ಆ ಹೆಂಗಸು ಇಲ್ಲವೇ ಇಲ್ಲ. ಆಕಿ ಹೊಟ್ಟಿ ಖಾಲಿ ಇರಲಿಲ್ಲ, ಆಕಿ ಅಳಲಿಲ್ಲ. ನೀ ದೊಡ್ಡಾಟದಾಗ ದುಶ್ಯಾಸನ ಆಗಿ ಸೀರೆ ಎಳದಿಲ್ಲೇನು? ಅದರ ಪಾಪ ಹತ್ತೇತೇನು?"

ಮಾತು ಸುಳ್ಳಲ್ಲ. ಆದರೆ ದುಶ್ಯಾಸನನ ಮಾತು ನನ್ನದಲ್ಲ. ಆಟ ಬರೆದವರು ಸೀರೆ ಎಳಿ ಅಂದರು, ಎಳೆದೆ. ಎಳೆಯದೆ ಇದ್ದರೆ ಆಟವೇ ಮುಂದೆ ಹೋಗುವುದಿಲ್ಲ. ಕುರುಡಿಯ ಅಂಗಡಿಯಲ್ಲಿ ಹಾಗಲ್ಲ. ಪೂರ್ತಿ ಕೊಡಬಹುದಿತ್ತು. ಕೊಡಲಿಕ್ಕೆ ನಾಣ್ಯ ಇದ್ದವು. ಒಂದು ಕೊಡು ಅಂತ ಯಾರೂ ಬರೆದಿರಲಿಲ್ಲ, ನಾನು ಹೇಳಿದೆ. ಪಾತ್ರ ಬ್ಯಾರೆ, ಆಯ್ಕೆ ಬ್ಯಾರೆ. ಪಾತ್ರದ ಪಾಪ ಪಾತ್ರದೊಂದಿಗೆ ಬಣ್ಣ ತೊಳೆದಾಗ ಹೋಗುತ್ತದೆ. ಆಯ್ಕೆ ನನ್ನದು, ಅದು ಎಲ್ಲಿ ಹೋಗಬೇಕು? ಆ ಹೆಂಗಸಿಗೆ ನಷ್ಟ ಆಗಲಿಲ್ಲ, ಒಪ್ಪುತ್ತೇನೆ. ಆದರೆ ನನ್ನೊಳಗೆ ಏನಿದೆ ಅಂತ ಹೊರಗೆ ಬಂತು.

ಇಂಥ ಆಟಗಳು ಮುಂದೆ ಕಡಿಮೆಯಾದವು. ಅದಕ್ಕೆ ಯಾರನ್ನೂ ಬೈಯುವ ಹಾಗಿಲ್ಲ. 1996ರಲ್ಲಿ 'ಡಯಾಬ್ಲೊ' ಎಂಬ ಆಟ ಬಂತು. ಮೊದಲು ಅದನ್ನು ಸರದಿ ಪ್ರಕಾರ ಆಡುವಂತೆ ಮಾಡಲು ಹೊರಟಿದ್ದರು. ಅಂದರೆ ನಾನು ಒಂದು ನಡೆ, ಯಂತ್ರ ಒಂದು ನಡೆ, ನಡುವೆ ಎಷ್ಟು ಹೊತ್ತು ಬೇಕಾದರೂ ವಿಚಾರ ಮಾಡಬಹುದು. ಕಟ್ಟುವಾಗ ನಡುವೆ ಮನಸ್ಸು ಬದಲಿಸಿ, ಒತ್ತಿದ ಕೂಡಲೇ ಹೊಡೆತ ಬೀಳುವ ಹಾಗೆ ಮಾಡಿದರು. ಮಂದಿ ಮುಗಿಬಿದ್ದು ಕೊಂಡರು. ಹಳೆಯ ದಾರಿಯವರು ಸುಮ್ಮನೆ ಕುಂತಿರಲಿಲ್ಲ. 1997ರ 'ಫಾಲ್‌ಔಟ್' ಎಂಬ ಆಟದಲ್ಲಿ ಕೊನೆಯ ವೈರಿಗೆ ಸಾಕ್ಷಿ ತೋರಿಸಿ, ನಿನ್ನ ಯೋಜನೆ ನಡೆಯುವಂಥದಲ್ಲ ಅಂತ ಮಾತಿನಲ್ಲೇ ಮನವರಿಕೆ ಮಾಡಬಹುದು, ಕತ್ತಿ ಬಂದೂಕು ಬೇಕಿಲ್ಲ. 1999ರ 'ಪ್ಲೇನ್‌ಸ್ಕೇಪ್: ಟಾರ್ಮೆಂಟ್' ಆಟದ ನಾಯಕನಿಗೆ ಸಾವಿಲ್ಲ, ಹೆಸರಿಲ್ಲ, ಹಿಂದಿನ ನೆನಪೂ ಇಲ್ಲ. ಮನುಷ್ಯನ ಸ್ವಭಾವವನ್ನು ಯಾವುದು ಬದಲಿಸೀತು ಅನ್ನುವುದೇ ಆ ಆಟದ ಪ್ರಶ್ನೆ. ಬಲ್ಲವರು ಬಹಳ ಹೊಗಳಿದರು, ಕೊಂಡವರು ಅಷ್ಟಿರಲಿಲ್ಲ. ಇವನ್ನು ಹೊರತಂದ ಬ್ಲ್ಯಾಕ್ ಐಲ್ ಎಂಬ ತಂಡ 2003ರ ಡಿಸೆಂಬರಿನಲ್ಲಿ ಮುಚ್ಚಿತು.

ಇನ್ನೊಂದು ಕಾರಣ ಹಾಡುವವನಾದ ನನಗೆ ಬೇಗ ತಿಳಿಯಿತು. ಮೊದಲು ಮಾತನ್ನು ಬರೆದು ತೋರಿಸುತ್ತಿದ್ದರು. ಬರಹ ಅಗ್ಗ, ಹತ್ತು ಉತ್ತರಕ್ಕೆ ಹತ್ತು ದಾರಿ ಬರೆಯಬಹುದು. ಆಮೇಲೆ ಪ್ರತಿ ಮಾತನ್ನೂ ನಟರಿಂದ ಆಡಿಸತೊಡಗಿದರು. ಚಿತ್ರವೂ ಸಿನೆಮಾದಂತೆ ಆಯಿತು. ಒಂದೊಂದು ಮಾತಿಗೂ ರೊಕ್ಕ ಬಿದ್ದರೆ ಮಾತು ಕಡಿಮೆಯಾಗಲೇಬೇಕು. ಮಾತು ಕಡಿಮೆಯಾದರೆ ದಾರಿಯೂ ಕಡಿಮೆ.

ಹೊಸ ಆಟಗಳಲ್ಲಿ ಒಳ್ಳೆಯದು ಕೆಟ್ಟದ್ದು ಇಲ್ಲವೇ ಅಂತ ಕೇಳಿದೆ. ಇದೆ ಅಂದ. 2003ರಲ್ಲಿ 'ಸ್ಟಾರ್ ವಾರ್ಸ್' ಸಿನೆಮಾದ ಮೇಲೆ ಮಾಡಿದ ಒಂದು ಆಟ ತೋರಿಸಿದ. ಅದರಲ್ಲಿ ಒಳ್ಳೆಯ ಕೆಲಸ ಮಾಡಿದ ಕೂಡಲೇ ಬೆಳಕಿನ ಕಡೆಗೆ ಅಂಕ ಬಂತು ಅಂತ ತೋರಿಸುತ್ತದೆ, ಕೆಟ್ಟದ್ದು ಮಾಡಿದರೆ ಕತ್ತಲಿನ ಕಡೆಗೆ. ನನಗೆ ಇಲ್ಲೇ ದೊಡ್ಡ ಫರಕು ಕಂಡಿತು. ಕೊಟ್ಟ ಕೈ ಹಿಂದಕ್ಕೆ ಬರುವ ಮೊದಲೇ ಕೂಲಿ ಸಿಕ್ಕರೆ ಅದು ದಾನ ಅಲ್ಲ, ಸಂತೆಯ ವ್ಯವಹಾರ.

ಹುಡುಗ ಇದಕ್ಕೂ ಸವಾಲು ಒಗೆದ. "ನಿಮ್ಮ ಹಳೇ ಆಟದಾಗೂ ಲೆಕ್ಕ ಇತ್ತಲ್ಲ ಮುತ್ಯಾ, ಮುಚ್ಚಿ ಇಟ್ಟಿದ್ದರು ಅಷ್ಟ. ಈಗ ಎಲ್ಲಾರಿಗೂ ಗೊತ್ತು. ಕುರುಡಿಗೆ ಪೂರ್ತಿ ಕೊಡ್ರಿ, ಅಂಕ ಬರತಾವ ಅಂತ ಓದಿಕೊಂಡೇ ಆಡತಾರ." ಇದಕ್ಕೆ ನನ್ನ ಹತ್ತಿರ ಪೂರ್ತಿ ಜವಾಬು ಇಲ್ಲ. ಚಿತ್ರಗುಪ್ತ ಬರೆಯುತ್ತಾನೆ ಅಂತ ಹೆದರಿ ಒಳ್ಳೆಯವನಾದವನು ಎಷ್ಟು ಒಳ್ಳೆಯವನು? ಆದರೂ ಒಂದು ಮಾತು ಹೇಳಬಲ್ಲೆ. ಮೊದಲ ಸಲ ಆಡುವವನಿಗೆ ಲೆಕ್ಕ ಗೊತ್ತಿರುವುದಿಲ್ಲ. ಆ ಗೊತ್ತಿಲ್ಲದ ಹೊತ್ತಿನಲ್ಲಿ ಅವನು ಏನು ಕೊಟ್ಟನೋ ಅದೊಂದೇ ಖರೆ. ಹಳೆಯ ಆಟ ಆ ಹೊತ್ತನ್ನು ಅವನಿಗೆ ಬಿಟ್ಟುಕೊಡುತ್ತಿತ್ತು. ಅವಸರದ ಆಟಕ್ಕೆ ಅದನ್ನು ಬಿಡಲು ಪುರುಸೊತ್ತಿಲ್ಲ.

ಇಷ್ಟು ಬರೆದ ಮೇಲೆ ಒಂದು ಮಾತು ಮುಚ್ಚಿಟ್ಟರೆ ಈ ಲೇಖನವೂ ಕುರುಡಿಗೆ ಕೊಟ್ಟ ಒಂದು ನಾಣ್ಯ ಆದೀತು. ನಮ್ಮ ಹಾಡಿಕೆಯಲ್ಲಿ ಮೊದಲು ಸವಾಲು ಬಿದ್ದರೆ ಜವಾಬು ಸಿಗುವ ತನಕ ದಪ್ಪು ನಿಲ್ಲುತ್ತಿತ್ತು. ಮಂದಿ ಕಾಯುತ್ತಿದ್ದರು. ಸಿಗದಿದ್ದರೆ ಇಡೀ ಊರಿನ ಎದುರು ಸೋತೆ ಅನ್ನಬೇಕು. ನಾನು ಅನ್ನಿಸಿಕೊಂಡಿದ್ದೇನೆ. ಈಗ ಹತ್ತು ಹನ್ನೆರಡು ವರ್ಷದಿಂದ ಕರೆಸುವವರು ಎರಡೇ ತಾಸು ಕೊಡುತ್ತಾರೆ. ನಡುವೆ ಸುಮ್ಮನಿದ್ದರೆ ಮಂದಿ ಎದ್ದು ಹೋಗುತ್ತಾರೆ ಅನ್ನುತ್ತಾರೆ. ಅದಕ್ಕೆ ಹಿಂದಿನ ದಿನವೇ ಎದುರು ಮೇಳದವರೂ ನಾವೂ ಫೋನಿನಲ್ಲಿ ಮಾತಾಡಿಕೊಳ್ಳುತ್ತೇವೆ. ನೀವು ಈ ಸವಾಲು ಕೇಳ್ರಿ, ನಾವು ಈ ಜವಾಬು ಕೊಡತೀವಿ, ನೀವು ಅಲ್ಲಿ ಸೋಲ್ರಿ, ನಾವು ಇಲ್ಲಿ ಸೋಲತೀವಿ. ವೇದಿಕೆಯ ಮೇಲೆ ಹಣೆ ಹಿಡಿದು ವಿಚಾರ ಮಾಡಿದಂತೆ ನಟಿಸುತ್ತೇನೆ. ಮಂದಿ ಚಪ್ಪಾಳೆ ಹೊಡೆಯುತ್ತಾರೆ. ಮುದುಕಿಯರು ಸೆರಗಿನ ಗಂಟು ಬಿಚ್ಚಿ ಹತ್ತು ರೂಪಾಯಿ ಆಯೇರಿ ಮಾಡುತ್ತಾರೆ, ನಾನು ನಿಂತಲ್ಲೇ ಪದ ಕಟ್ಟಿದೆ ಅಂತ ನಂಬಿ. ಯಾರೂ ಸಿಟ್ಟಾಗಲಿಲ್ಲ, ಯಾಕಂದರೆ ಯಾರಿಗೂ ಕಾಣಲಿಲ್ಲ. ಅವರಿಗೆ ನಷ್ಟ ಏನು ಅಂತ ಕೇಳಬಹುದು. ಹಾಡು ಕೇಳಿದರು, ಖುಷಿಪಟ್ಟರು. ಆ ಹೆಂಗಸಿಗೂ ನಷ್ಟ ಆಗಿರಲಿಲ್ಲ.

ನಿದ್ದೆ ಬರದೇ ಇದ್ದದ್ದು ಆಟದ ಸಲುವಾಗಿ ಅಲ್ಲ ಅಂತ ಆಗ ತಿಳಿಯಿತು.

ಹಳೆಯ ಮಾದರಿಯ ಆಟಗಳು ಪೂರ್ತಿ ಸಾಯಲಿಲ್ಲ ಅಂತಲೂ ಹುಡುಗ ಹೇಳಿದ. 2012ರಲ್ಲಿ ಅಂಥ ಒಂದು ಆಟ ಮಾಡುತ್ತೇವೆ, ಮೊದಲೇ ರೊಕ್ಕ ಕೊಡಿ ಅಂತ ಅಮೆರಿಕದ ಒಬ್ಸಿಡಿಯನ್ ಎಂಬ ತಂಡ ಕೇಳಿದಾಗ 70,000ಕ್ಕೂ ಹೆಚ್ಚು ಮಂದಿ, ನಾವು ಜಾತ್ರೆಗೆ ವರ್ಗಣಿ ಕೊಟ್ಟ ಹಾಗೆ, ಸುಮಾರು 40 ಲಕ್ಷ ಡಾಲರ್ ಕೂಡಿಸಿಕೊಟ್ಟರಂತೆ. 2023ರಲ್ಲಿ ಬೆಲ್ಜಿಯಂ ದೇಶದ ಲೇರಿಯನ್ ತಂಡ ಮಾಡಿದ 'ಬಾಲ್ಡರ್ಸ್ ಗೇಟ್ 3' ವರ್ಷದ ಆಟ ಅಂತ ದೊಡ್ಡ ಪ್ರಶಸ್ತಿ ಪಡೆಯಿತು. ಅದರಲ್ಲಿ ಇಪ್ಪತ್ತು ಮುಖದ ದಾಳ ಕಣ್ಣೆದುರೇ ಉರುಳುತ್ತದೆ, ಸರದಿ ಬರುವ ತನಕ ಕಾಯಬೇಕು. ಲಕ್ಷಗಟ್ಟಲೆ ಮಂದಿ ಕಾಯುತ್ತಿದ್ದಾರೆ. ಮಂದಿಗೆ ತಾಳ್ಮೆ ಇಲ್ಲ ಅಂತ ನಾವು ಹೇಳುತ್ತ ಬಂದದ್ದು ಅರ್ಧ ನಮ್ಮ ನೆವ ಅಂತ ಈಗ ಅನ್ನಿಸುತ್ತದೆ. ನಾವು ಕಾಯಿಸಿ ನೋಡಿಯೇ ಇಲ್ಲ.

ರಜೆ ಮುಗಿಯುವ ಮೊದಲು ಮತ್ತೆ ಆ ಕುರುಡಿಯ ಅಂಗಡಿಗೆ ಹೋದೆವು. "ಪೂರ್ತಿ ಕೊಡು" ಅಂದೆ. ಹುಡುಗ ಕೊಟ್ಟ. ಆಕೆಗೆ ಕೊಟ್ಟೆನೋ ಲೆಕ್ಕಕ್ಕೆ ಕೊಟ್ಟೆನೋ ನನಗೇ ತಿಳಿಯಲಿಲ್ಲ.

ಲೆಕ್ಕ ಗೊತ್ತಾದ ಮೇಲೆ ಆ ಆಟದಲ್ಲಿ ನಾನು ಇನ್ನು ಪರೀಕ್ಷೆಗೆ ಕೂಡಲಾರೆ. ಹಾಡಿಕೆಯಲ್ಲಿ ಕೂಡಬಹುದು. ಎದುರು ಮೇಳದ ಗುರುಗಳಿಗೆ ಫೋನ್ ಮಾಡಿ, ಮುಂದಿನ ಜಾತ್ರೆಗೆ ಹಿಂದಿನ ದಿನ ಫೋನ್ ಬ್ಯಾಡ್ರಿ, ಏನು ಕೇಳತೀರೋ ಅಲ್ಲೇ ಕೇಳ್ರಿ ಅಂದೆ. ಅವರು ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ, "ಸೋತರ ಇಬ್ಬರ ಮಾನಾನೂ ಹೋಗತೈತಿ ನೋಡ್ರಿ" ಅಂದರು. ಹೋಗಲಿ ಅಂದೆ. ಈ ಪುಸ್ತಕ ನಿಮ್ಮ ಕೈಗೆ ಬರುವ ಹೊತ್ತಿಗೆ ಆ ಜಾತ್ರೆ ಆಗಿರುತ್ತದೆ. ನಾನು ವೇದಿಕೆಯ ಮೇಲೆ ಬಾಯಿ ತೆರೆಯದೆ ನಿಂತಿದ್ದನ್ನು ನೀವು ನೋಡಿದ್ದರೆ, ಅಂದು ನಟಿಸಲಿಲ್ಲ ಅಂತ ತಿಳಿಯಿರಿ.