ನಾಮಾನನ ಸೇವಕರ ಮಾತು

ಧ್ಯಾನಕ್ಕೆ: ಅರಸುಗಳ ಎರಡನೆಯ ಪುಸ್ತಕ, ೫ನೆಯ ಅಧ್ಯಾಯ



ಅರಾಮ್ಯರ ಸೇನಾಪತಿಯಾದ ನಾಮಾನನು ಕುಷ್ಠರೋಗಿಯಾಗಿದ್ದನು. ಪ್ರವಾದಿಯಾದ ಎಲೀಷನು ತಾನು ಹೊರಗೆ ಬಾರದೆ, ಯೊರ್ದನ್ ಹೊಳೆಯಲ್ಲಿ ಏಳು ಸಾರಿ ಮುಳುಗಬೇಕೆಂದು ಆಳಿನ ಮುಖಾಂತರ ಹೇಳಿಸಿದಾಗ, ಅವನು ಸಿಟ್ಟುಗೊಂಡು ಹಿಂತಿರುಗಿದನು. ಅಷ್ಟು ಸುಲಭವಾದ ಉಪಾಯವನ್ನು ಅವನ ಮನಸ್ಸು ನಂಬಲಿಲ್ಲ. ಆಗ ಅವನ ಸೇವಕರು ಅವನನ್ನು ಮೂಢನೆಂದು ಹೀಯಾಳಿಸಲಿಲ್ಲ. ಹತ್ತಿರ ಬಂದು, ತಂದೆಯೆಂದು ಕರೆದು, ಮೃದುವಾಗಿ ಕಾರಣ ಹೇಳಿದರು. ಅವನು ಇಳಿದು ಮುಳುಗಿ ಶುದ್ಧನಾದನು.

ಈ ವೃತ್ತಾಂತವು ನಮಗೂ ಬೇಕಾದದ್ದಾಗಿದೆ. ೨೦೧೭ರ ಫೆಬ್ರವರಿಯಲ್ಲಿ ನಮ್ಮ ಕರ್ನಾಟಕದಲ್ಲಿ, ಒಂಬತ್ತು ತಿಂಗಳು ತುಂಬಿದ ಕೂಸುಗಳು ಮೊದಲುಗೊಂಡು ಹದಿನೈದು ವರುಷದೊಳಗಿನ ಮಕ್ಕಳಿಗೆ ದಡಾರ-ರುಬೆಲ್ಲಾ ಲಸಿಕೆ ಹಾಕತೊಡಗಿದಾಗ, ಮೊಬೈಲುಗಳಲ್ಲಿ ಸುಳ್ಳು ಸುದ್ದಿಗಳು ಹರಡಿ ಅನೇಕ ತಾಯಿತಂದೆಗಳು ಹಿಂಜರಿದರು. ದಡಾರವಾದರೋ ಕೆಮ್ಮಿದವನ ಉಸಿರಿನಿಂದ ಹರಡಿ, ಕೆಲವು ಮಕ್ಕಳಿಗೆ ಕುರುಡುತನವನ್ನೂ ಮರಣವನ್ನೂ ತರುವದು. ರುಬೆಲ್ಲಾ ಗರ್ಭಿಣಿಗೆ ತಗಲಿದರೆ ಹೊಟ್ಟೆಯೊಳಗಿನ ಶಿಶುವಿನ ಕಣ್ಣು, ಕಿವಿ, ಹೃದಯಗಳು ಕೆಡುವವು. ಹುಬ್ಬಳ್ಳಿಯ ದಾರಿ ಕರಾವಳಿಯ ದಾರಿಯನ್ನು ಕೂಡುವ ಬಾಳೆಗುಳಿಯಂಥ ಊರಿಗೆ ಬಂದುಹೋಗುವವರು ಬಹಳ. ಇಂಥ ರೋಗಕ್ಕೆ ಬರುವ ದಾರಿಯೂ ಸುಲಭ.

ಹಿಂಜರಿದ ತಾಯಿಯು ಮಗುವನ್ನು ಪ್ರೀತಿಸದವಳೋ? ಹಾಗಲ್ಲ, ಪ್ರೀತಿಸುವದರಿಂದಲೇ ಹೆದರುತ್ತಾಳೆ. ಆದಕಾರಣ ಮೊದಲು ಅವಳ ಭಯವನ್ನು ತಾಳ್ಮೆಯಿಂದ ಕೇಳಿರಿ. ಆ ಮೇಲೆ ಈ ಚುಚ್ಚುಮದ್ದು ಯಾವ ರೋಗವನ್ನು ತಡೆಯುವದು, ಮುಂದಿನದು ಯಾವಾಗ, ಕಾರ್ಡನ್ನು ಯಾಕೆ ಜೋಪಾನವಾಗಿಡಬೇಕು ಎಂಬದನ್ನು ತಿಳಿಸಿರಿ. ಕೆಲವು ಮಕ್ಕಳಿಗೆ ಜ್ವರವೂ ಚುಚ್ಚಿದಲ್ಲಿ ನೋವೂ ಬರುವದುಂಟು. ಅದನ್ನು ಮುಚ್ಚಿಡದೆ, ಬಂದರೆ ಆಶಾ ಕಾರ್ಯಕರ್ತೆಯನ್ನು ಕೇಳೆಂದು ಹೇಳಿರಿ. ಏನೂ ಆಗದೆಂದು ಹೇಳಿ ರಾತ್ರಿ ಮಗುವಿಗೆ ಜ್ವರ ಬಂದರೆ, ಆ ತಾಯಿ ಮತ್ತೆ ನಿಮ್ಮ ಮಾತನ್ನು ನಂಬುವಳೋ?

ದೇವರು ಕಾಯುವಾಗ ಮದ್ದು ಯಾಕೆ ಎಂದು ಕೆಲವರು ಕೇಳುತ್ತಾರೆ. ಹೊಳೆಯ ನೀರನ್ನು ಉಪಯೋಗಿಸಿದ ದೇವರು ವೈದ್ಯರ ಕೈಯನ್ನೂ ಉಪಯೋಗಿಸುವನು. ನಮ್ಮ ಹಿರಿಯರು ನಡುಗುತ್ತಿದ್ದ ಸಿಡುಬು ಲಸಿಕೆಯ ಮೂಲಕವೇ ತೊಲಗಿತು. ಲೋಕವು ಅದರಿಂದ ಬಿಡುಗಡೆಯಾಯಿತೆಂದು ೧೯೮೦ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಸಾರಿತು.

ನಾಮಾನನು ಆರು ಸಾರಿ ಮುಳುಗಿ ಸಾಕೆನ್ನಲಿಲ್ಲ. ನೀವೂ ಒಂಬತ್ತು ತಿಂಗಳು ತುಂಬಿದಾಗ ಒಂದು ಚುಚ್ಚುಮದ್ದು ಹಾಕಿಸಿ, ೧೬ರಿಂದ ೨೪ ತಿಂಗಳೊಳಗಿನ ಎರಡನೆಯದನ್ನು ಬಿಡಬೇಡಿರಿ. ನೆರೆಮನೆಯವರು ಯಾವ ಮತದವರಾದರೂ ಸರಿಯೇ, ಈ ವಾರ ಅವರ ಜಗಲಿಯಲ್ಲಿ ಕುಳಿತು ಆ ಸೇವಕರಂತೆ ಮಾತಾಡಿರಿ. ಚಿಕ್ಕ ಮಕ್ಕಳನ್ನು ಅಪ್ಪಿಕೊಂಡ ಕರ್ತನು ನಮ್ಮ ನಾಲಿಗೆಗೆ ಸತ್ಯವನ್ನೂ ದಯೆಯನ್ನೂ ಕೊಡಲಿ. ಆಮೆನ್.